ಸೂಜಿ ತಿರುಗಿತು ನೋಡಿ!

1820ರ ವಸಂತಕಾಲ, ಕೋಪನ್‌ಹೇಗನ್. ಪಾಠ ಮಾಡುತ್ತಿದ್ದ ಪ್ರೊಫೆಸರ್ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ತೆಳ್ಳನೆಯ ತಂತಿಯೊಂದನ್ನು ಬ್ಯಾಟರಿಗೆ ಜೋಡಿಸಿದರು. ತಂತಿಯ ಕೆಳಗೆ ದಿಕ್ಸೂಚಿ. ಅದರ ಸೂಜಿ ಅಲುಗಿತು! ಅಲುಗಿದ್ದು ಎಷ್ಟು ಕೊಂಚವೆಂದರೆ, ಎದುರಿಗೆ ಕೂತವರಿಗೆ ಅದೇನೂ ದೊಡ್ಡ ಸಂಗತಿ ಅನ್ನಿಸಲಿಲ್ಲ. ಆದರೆ ಅಲ್ಲಿಯವರೆಗೆ ವಿದ್ಯುತ್ತಿನ ದಾರಿಯೇ ಬೇರೆ, ಅಯಸ್ಕಾಂತದ ದಾರಿಯೇ ಬೇರೆ ಎಂದು ಬಹುಪಾಲು ಪಂಡಿತರು ನಂಬಿದ್ದರು. ಆ ಗೋಡೆ ಬಿದ್ದದ್ದು ಅವತ್ತು!

ಜುಲೈನಲ್ಲಿ ಅರ್ಸ್ಟೆಡ್ 20 ಕೋಶಗಳ ದೊಡ್ಡ ಬ್ಯಾಟರಿ ಕಟ್ಟಿಕೊಂಡು ಮತ್ತೆ ಕೂತರು. ಸೂಜಿಯ ಮೇಲೆ ತಂತಿ ಹಿಡಿದರೆ ಅದು ಒಂದು ಕಡೆಗೆ ತಿರುಗುತ್ತದೆ, ಕೆಳಗೆ ಹಿಡಿದರೆ ಇನ್ನೊಂದು ಕಡೆಗೆ! ನಡುವೆ ಗಾಜು ಇಟ್ಟರು, ಮರ ಇಟ್ಟರು, ಲೋಹ ಇಟ್ಟರು. ಊಹೂಂ, ಯಾವುದೂ ತಡೆಯಲಿಲ್ಲ. ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಇದಲ್ಲ, ಇದಕ್ಕೂ ವಿಚಿತ್ರವಾದದ್ದೊಂದಿದೆ. ನ್ಯೂಟನ್‌ನ ಗುರುತ್ವ ಎಳೆಯುವುದು ನೇರ ಗೆರೆಯಲ್ಲಿ. ವಿದ್ಯುದಾವೇಶಗಳ ಸೆಳೆತವೂ ನೇರ. ಈ ಬಲ ಮಾತ್ರ ಸೂಜಿಯನ್ನು ತಂತಿಯ ಕಡೆಗೆ ಎಳೆಯುವುದಿಲ್ಲ, ದೂರ ತಳ್ಳುವುದೂ ಇಲ್ಲ, ಅಡ್ಡಕ್ಕೆ ತಿರುಗಿಸುತ್ತದೆ! ಏಕೆಂದರೆ ಕಾಂತಕ್ಷೇತ್ರ ತಂತಿಯ ಸುತ್ತ ಬಳೆ ಬಳೆಯಾಗಿ ಸುತ್ತಿಕೊಂಡಿರುತ್ತದೆ. ಬಲಗೈ ಹೆಬ್ಬೆರಳನ್ನು ವಿದ್ಯುತ್ ಹರಿಯುವ ದಿಕ್ಕಿಗೆ ಚಾಚಿ, ಮಿಕ್ಕ ಬೆರಳು ಮಡಿಸಿ: ಅವು ಸುತ್ತುವ ದಿಕ್ಕೇ ಕ್ಷೇತ್ರದ ದಿಕ್ಕು.

ಇನ್ನೂ ಇದೆ. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಆದರೂ ಅದೇ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಸಿದರೆ 1 ಸೆಂಟಿಮೀಟರ್ ದೂರದಲ್ಲಿ 20 ಮೈಕ್ರೊಟೆಸ್ಲಾ ಕ್ಷೇತ್ರ ಹುಟ್ಟುತ್ತದೆ. ನಮ್ಮ ಕರ್ನಾಟಕದಲ್ಲಿ ಇಡೀ ಭೂಮಿಯ ಕಾಂತಕ್ಷೇತ್ರ ಇರುವುದೇ ಸುಮಾರು 40! ತಂತಿಯೊಳಗೆ ಎಲೆಕ್ಟ್ರಾನ್‌ಗಳು ತೆವಳುವುದೋ ಬಸವನಹುಳುವಿಗಿಂತ ನಿಧಾನ. ಪ್ರವಾಹ ನಿಂತರೆ ಕ್ಷೇತ್ರವೂ ಮಾಯ.

ಜುಲೈ 21ರಂದು ಅರ್ಸ್ಟೆಡ್ ಲ್ಯಾಟಿನ್‌ನಲ್ಲಿ ನಾಲ್ಕೇ ಪುಟದ ವರದಿ ಅಚ್ಚು ಹಾಕಿಸಿದರು. ಯುರೋಪಿಗೆಲ್ಲ ಹುಚ್ಚು ಹಿಡಿಯಿತು! ಸೆಪ್ಟೆಂಬರ್ ಕಳೆಯುವುದರೊಳಗೆ ಪ್ಯಾರಿಸ್‌ನಲ್ಲಿ ವಿಜ್ಞಾನಿ ಆಂಪಿಯರ್, ಒಂದೇ ದಿಕ್ಕಿಗೆ ವಿದ್ಯುತ್ ಹರಿಯುವ ಎರಡು ತಂತಿಗಳು ಪರಸ್ಪರ ಸೆಳೆಯುತ್ತವೆ, ವಿರುದ್ಧ ದಿಕ್ಕಾದರೆ ದೂರ ಸರಿಯುತ್ತವೆ ಎಂದು ತೋರಿಸಿಯೇಬಿಟ್ಟರು. ಅಲ್ಲಿ ಅಯಸ್ಕಾಂತದ ಚೂರೂ ಇರಲಿಲ್ಲ! ತಂತಿಯನ್ನು ಸುರುಳಿ ಸುತ್ತಿದರೆ ಪ್ರತಿ ಸುತ್ತಿನ ಕ್ಷೇತ್ರವೂ ಒಂದಕ್ಕೊಂದು ಕೂಡಿಕೊಳ್ಳುತ್ತದೆ. 1825ರಲ್ಲಿ ಇಂಗ್ಲೆಂಡಿನ ಸ್ಟರ್ಜನ್ ಸುರುಳಿಯೊಳಗೆ ಕಬ್ಬಿಣ ತೂರಿಸಿ ವಿದ್ಯುತ್ಕಾಂತ ಮಾಡಿದರು. ಫ್ಯಾನು, ಮಿಕ್ಸಿ, ಪಂಪ್‌ಸೆಟ್, ಕರೆಗಂಟೆ, ಎಲ್ಲವೂ ಅದರ ವಂಶವೇ.

ನಂಬಿಕೆ ಬರದಿದ್ದರೆ ನೀವೇ ಮಾಡಿ ನೋಡಿ. ದಿಕ್ಸೂಚಿಯ ಮೇಲೆ ಉತ್ತರ-ದಕ್ಷಿಣವಾಗಿ ತಂತಿ ಇಟ್ಟು, ಅದರ ಎರಡು ತುದಿಗಳನ್ನು ಪೆನ್‌ಸೆಲ್‌ಗೆ ಮುಟ್ಟಿಸಿ. ವಿದ್ಯುತ್ ಉತ್ತರಕ್ಕೆ ಹರಿದರೆ ಸೂಜಿಯ ಉತ್ತರದ ತುದಿ ಪಶ್ಚಿಮಕ್ಕೆ ಹೊರಳುತ್ತದೆ, ಸೆಲ್ ತಿರುಗಿಸಿ ಹಿಡಿದರೆ ಪೂರ್ವಕ್ಕೆ. ತಂತಿ ಬೇಗ ಕಾಯುತ್ತದೆ, ಒಂದೆರಡು ಸೆಕೆಂಡಿಗೇ ತೆಗೆದುಬಿಡಿ. ಗೋಡೆಯ ಪ್ಲಗ್ಗಿನ ತಂಟೆಗೆ ಮಾತ್ರ ಹೋಗಬೇಡಿ!