ಗಾಡಿಯ ಸಪ್ಪಳ: ಎಲ್ಲಿಂದ, ಯಾತಕ್ಕೆ?

ಕನ್ನಡ ಬಳಗದ ಪತ್ರಿಕೆಯಲ್ಲಿ ಕಾರಿನ ವಿಚಾರವೇ ಎಂದು ಹುಬ್ಬೇರಿಸಬೇಡಿ. ಕನ್ನಡ ಶಾಲೆಯಲ್ಲಿ ಅನುಕರಣಾವ್ಯಯಗಳೆಂದು ಬಾಯಿಪಾಠ ಮಾಡಿದೆವಲ್ಲ, ದಡದಡ, ಪಟಪಟ, ಕಿರ್ರನೆ, ಧೊಪ್ಪನೆ, ಅವು ಪರೀಕ್ಷೆಯ ಎರಡು ಅಂಕಕ್ಕಷ್ಟೇ ಅಲ್ಲ ಎಂಬುದು ನನಗೆ ತಿಳಿದದ್ದು ಗ್ಯಾರೇಜಿನಲ್ಲಿ. 'ಕಿರ್' ಎಂದರೆ ಒಣಗಿದ ರಬ್ಬರು, 'ಗುಂಯ್' ಎಂದರೆ ಚಕ್ರದ ಬೇರಿಂಗು, 'ಖಡ್' ಎಂದರೆ ಸವೆದ ಕೀಲು. ಮಿಸ್ತ್ರಿಯ ಅರ್ಧ ವಿದ್ಯೆ ಕಿವಿಯಲ್ಲೇ ಇರುತ್ತದೆ.

ನಮ್ಮ ಕಾಕಾ ಸಾನಪಾಡಾದಲ್ಲಿದ್ದುಕೊಂಡು ಟೂರಿಸ್ಟ್ ಗಾಡಿ ಓಡಿಸುತ್ತಾರೆ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಎಡಗಡೆಯಿಂದ ಖಡ್ ಖಡ್ ಶುರುವಾಯಿತು. ಒಬ್ಬ ಗ್ಯಾರೇಜಿನವನು ಬಾನೆಟ್ಟು ಸಹ ಎತ್ತದೆ, "ಎರಡೂ ಶಾಕರ್ ಹೋಗ್ಯಾವ, ಹನ್ನೊಂದು ಸಾವಿರ" ಅಂದುಬಿಟ್ಟ. (ಶಾಕಬ್ಸರಿಗೆ ಇಲ್ಲಿ ಶಾಕರ್ ಎನ್ನುತ್ತಾರೆ.) ಗಾಡಿಯ ಕಂತು ತುಂಬಲು ಇನ್ನು ಎಂಟು ದಿನ. ಕಂತು ತುಂಬಿದರೆ ರಿಪೇರಿ ಇಲ್ಲ, ರಿಪೇರಿ ಮಾಡಿಸಿದರೆ ಕಂತಿಲ್ಲ. ಹಾಗೇ ಓಡಿಸೋಣವೆಂದರೆ ಪಾಮ್ ಬೀಚ್ ರಸ್ತೆಯ ವೇಗದಲ್ಲಿ, ಹಿಂದಿನ ಸೀಟಿನಲ್ಲಿ ಬೇರೆಯವರ ಮಕ್ಕಳನ್ನು ಕೂರಿಸಿಕೊಂಡು, ಯಾವ ಕೀಲು ಯಾವಾಗ ಕಳಚೀತೋ!

ಕಾಮರ್ಸ್ ಓದುವವನಿಗೆ ಒಂದು ಗೊತ್ತು: ಬಾಬತ್ತು ಯಾವುದೆಂದು ತಿಳಿಯದೆ ಖರ್ಚು ಬರೆಯಬಾರದು. ಹಾಗಾಗಿ ಮೊದಲ ಪ್ರಶ್ನೆ "ಸಪ್ಪಳ ಎಲ್ಲಿಂದ" ಎಂದಲ್ಲ, "ಯಾವಾಗ" ಎಂದು. ಕ್ಲಚ್ ಬಿಡುವಾಗ ಒಮ್ಮೆ ಧಡ್ ಎಂದರೆ ಎಂಜಿನ್ ಕೂತಿರುವ ರಬ್ಬರಿನ ಮೌಂಟಿಂಗ್ ನೋಡಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಟಕ್ ಎಂದು ಚಕ್ರದ ತಾಳಕ್ಕೆ ಸರಿಯಾಗಿ ಬಡಿದರೆ ಆಕ್ಸಲ್ ತುದಿಯ ಸಿ.ವಿ. ಜಾಯಿಂಟು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಸಡಿಲಾದ ಕ್ಯಾಲಿಪರ್, ಇಲ್ಲವೇ ಲೋವರ್ ಆರ್ಮಿನ ಬುಷ್.

ಇದೆಲ್ಲ ಎಂಜಿನ್ನೇ ಮುಂದಿನ ಚಕ್ರ ತಿರುಗಿಸುವ ಗಾಡಿಯ ಮಾತು. ನಮ್ಮಲ್ಲಿ ಅದು ಮನೆಮಾತಾದದ್ದು 1983ರ ಡಿಸೆಂಬರದಲ್ಲಿ ಮಾರುತಿ 800 ಬಂದ ಮೇಲೆ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಗೆ ಹಿಂದಿನ ಚಕ್ರದ ಎಳೆತ, ಹಿಂದೆ ಪಟ್ಟಿ ಸ್ಪ್ರಿಂಗು. ಗೇರ್ ಹಾಕಿ ಹೊರಟಾಗ ಅದು ಧಡ್ ಎಂದರೆ ನಡುವಿನ ಪ್ರೊಪೆಲರ್ ಶಾಫ್ಟಿನ ಕ್ರಾಸ್ ನೋಡುತ್ತಿದ್ದರು. ಮುಂಬಯಿಯ ಆ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರದಲ್ಲಿ ಮುಗಿಯಿತು. ಅವುಗಳ ಸಪ್ಪಳ ಗುರುತಿಸುವ ಹಳೇ ಕಿವಿಗಳು ಮಾತ್ರ ಇನ್ನೂ ಉಳಿದಿವೆ.

"ಕಾಕಾ, ಸಪ್ಪಳ ಯಾವಾಗ ಬರ್ತೈತಿ?" ಅಂತ ಕೇಳಿದೆ.

"ಸಾವಕಾಶ ಹೊಂಟಾಗ, ತೆಗ್ಗಿನ್ಯಾಗ ಗಾಲಿ ಇಳದ್ರ ಬರ್ತೈತಿ ನೋಡ ತಮ್ಮಾ. ಹೈವೇದಾಗ ಇಲ್ಲ."

ಇಷ್ಟು ಸಿಕ್ಕರೆ ಅರ್ಧ ಕೆಲಸ ಆದಂತೆ. ಆದರೂ ಮೊದಲು ಡಿಕ್ಕಿ ಖಾಲಿ ಮಾಡಿದೆವು. ಜಾಕು, ಪಾನಾ, ಸ್ಟೆಪ್ನಿ ಇವೂ ಖಡ್ ಖಡ್ ಎನ್ನುತ್ತವೆ. ಸಿ.ಎನ್.ಜಿ. ಗಾಡಿಯಾದರೆ ಸಿಲಿಂಡರಿನ ಪಟ್ಟಿಯೂ ಬಿಗಿಯಾಗಿದೆಯೇ ಎಂದು ನೋಡಬೇಕು, ಆದರೆ ಅದಕ್ಕೆ ನಾವು ಕೈ ಹಾಕಬಾರದು. ಡಿಕ್ಕಿ ಖಾಲಿಯಾದರೂ ಸಪ್ಪಳ ಉಳಿಯಿತು.

ಆಮೇಲಿನ ಪರೀಕ್ಷೆ ನನಗೆ ಬಹಳ ಹಿಡಿಸಿತು. ಎಡ-ಬಲ ಚಕ್ರಗಳನ್ನು ಒಂದು ಉಕ್ಕಿನ ಸರಳು ಜೋಡಿಸಿರುತ್ತದೆ, ಸ್ಟೆಬಿಲೈಜರ್ ಬಾರ್ ಎಂದು. ತಿರುವಿನಲ್ಲಿ ಗಾಡಿ ಒಂದು ಬದಿಗೆ ವಾಲದಂತೆ ಹಿಡಿಯುವುದು ಅದರ ಕೆಲಸ. ಅದರ ಎರಡು ತುದಿಗೂ ಗೇಣುದ್ದದ ಲಿಂಕ್ ರಾಡ್, ಲಿಂಕ್ ರಾಡಿನ ತುದಿಯಲ್ಲಿ ಚಿಕ್ಕ ಗುಂಡು ಕೀಲು. ಸ್ಪೀಡ್ ಬ್ರೇಕರಿನ ಮೇಲೆ ಎರಡೂ ಚಕ್ರ ಒಟ್ಟಿಗೆ ಏರಿದರೆ ಸರಳು ತಿರುಚುವುದಿಲ್ಲ, ಲಿಂಕಿಗೆ ಹೆಚ್ಚು ಭಾರವಿಲ್ಲ. ಒಂದೇ ಚಕ್ರ ಏರಿದರೆ ಸರಳು ತಿರುಚಿ ಲಿಂಕನ್ನು ಎಳೆಯುತ್ತದೆ. ಸೆಕ್ಟರಿನ ಒಳರಸ್ತೆಯಲ್ಲಿ ಕಾಕಾ ಎರಡೂ ರೀತಿ ಗಾಡಿ ಹಾಯಿಸಿದರು, ನಾನು ಪಕ್ಕದಲ್ಲಿ ನಡೆಯುತ್ತ ಕೇಳಿದೆ. ಒಟ್ಟಿಗೆ ಏರಿದಾಗ ಬಹುಮಟ್ಟಿಗೆ ಮೌನ. ಎಡ ಚಕ್ರವನ್ನಷ್ಟೇ ತೆಗ್ಗಿಗೆ ಇಳಿಸಿದಾಗ ಖಡ್!

ಶಾಕರನ್ನೂ ನೋಡಿದೆವು. ಗಾಡಿಯ ಮೂಲೆಯನ್ನು ಒತ್ತಿ ಬಿಟ್ಟರೆ ಒಮ್ಮೆ ಎದ್ದು ನಿಲ್ಲಬೇಕು, ತೊಟ್ಟಿಲಿನಂತೆ ಆಡಬಾರದು. ನಿಂತಿತು. ಎಣ್ಣೆಯ ಜಿನುಗೂ ಇಲ್ಲ.

ಪರಿಚಯದ ಮಿಸ್ತ್ರಿಯೊಬ್ಬರು ಗಾಡಿ ಎತ್ತಿ ಕೆಳಗೆ ಸ್ಟ್ಯಾಂಡ್ ಕೊಟ್ಟರು. ಬರೀ ಜಾಕಿನ ಮೇಲಿರುವ ಗಾಡಿಯ ಕೆಳಗೆ ಯಾರೂ ಹೋಗಬಾರದು, ಇದು ತಮಾಷೆಯ ಮಾತಲ್ಲ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಟೈರು ಹಿಡಿದು ಅಲುಗಿಸಿದರು. ಅಲುಗಿದರೆ ಬೇರಿಂಗು ಅಥವಾ ಬಾಲ್ ಜಾಯಿಂಟು. 9 ಮತ್ತು 3ರಲ್ಲಿ ಅಲುಗಿದರೆ ಸ್ಟೀರಿಂಗಿನ ಟೈ ರಾಡ್ ತುದಿ. ಇವೆರಡರಲ್ಲಿ ದೋಷವಿದ್ದರೆ ಒಂದು ದಿನವೂ ತಡ ಮಾಡಬಾರದು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ಕುಸಿಯುತ್ತದೆ. ನಮ್ಮದು ಎರಡೂ ಗಟ್ಟಿ ಇತ್ತು. ಕೊನೆಗೆ ಎಡಗಡೆಯ ಲಿಂಕ್ ರಾಡನ್ನು ಕೈಯಿಂದ ಅಲುಗಿಸಿದರೆ ಸಡಿಲ ಹಲ್ಲಿನಂತೆ ಆಡಿತು. ಅದರ ರಬ್ಬರು ಟೋಪಿ ಹರಿದು, ಒಳಗಿನ ಗ್ರೀಸ್ ಹೋಗಿ, ನೀರು-ಮಣ್ಣು ಸೇರಿತ್ತು.

ಖಾಡಿಯ ಉಪ್ಪುಗಾಳಿಗೆ ನಟ್ಟು ತುಕ್ಕು ಹಿಡಿದು ಕೂತಿತ್ತು. ತುಕ್ಕಿನೆಣ್ಣೆ ಬಿಟ್ಟು ಚಹಾ ಕುಡಿದು ಬರುವಷ್ಟು ಹೊತ್ತು ಕಾದೆವು. ನಟ್ಟು ತಿರುಗಿಸುವಾಗ ಒಳಗಿನ ಗುಂಡು ಕೀಲೂ ಜೊತೆಗೆ ತಿರುಗುತ್ತದೆ, ಅದನ್ನು ಇನ್ನೊಂದು ಪಾನಾದಿಂದ ಹಿಡಿಯಬೇಕು. ಮುಂದಿನ ಎರಡೂ ಚಕ್ರ ಎತ್ತಿರಬೇಕು, ಒಂದನ್ನೇ ಎತ್ತಿದರೆ ಸರಳು ತಿರುಚಿಕೊಂಡಿದ್ದು ಹೊಸ ಲಿಂಕಿನ ತೂತಿಗೆ ಹೊಂದುವುದಿಲ್ಲ. ಬಲಗಡೆಯದನ್ನೂ ಬದಲಿಸಿದರು, ಎರಡೂ ಒಂದೇ ವಯಸ್ಸಿನವು. ಹೊಸ ನಟ್ಟು ಹಾಕಿ ಬಿಗಿದರು. ಮಜೂರಿ ಸೇರಿ ಎರಡು ಸಾವಿರದೊಳಗೆ ಮುಗಿಯಿತು, ಕಂತೂ ತುಂಬಿತು.

ಲೋವರ್ ಆರ್ಮಿನ ಬುಷ್ ಹಾಕಿಸುವವರಿಗೆ ಒಂದು ಮಾತು. ಅದರ ಬೋಲ್ಟನ್ನು ಗಾಡಿ ನೆಲಕ್ಕಿಳಿದು ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಮಾಡಿಸಿ. ಚಕ್ರ ಜೋತುಬಿದ್ದಾಗ ಬಿಗಿದರೆ ರಬ್ಬರು ಯಾವಾಗಲೂ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ, ಮತ್ತೆ ಅದೇ ಸಪ್ಪಳ.