ನಯವಾದ ನಾದಕ್ಕೆ ಯಾವ ಸಿ.ಡಿ. ಪ್ಲೇಯರು?

ಸಿ.ಡಿ. ಪ್ಲೇಯರನ್ನು ಕೊಳ್ಳಹೊರಟವರಿಗೆ ಅಂಗಡಿಯವನು ಮೊದಲು ಒಪ್ಪಿಸುವುದು ಅಂಕಿಗಳ ಪಾಠವನ್ನು. ಬಿಟ್ಟುಗಳು ಹೆಚ್ಚಿದಷ್ಟೂ ನಾದ ನಯವೆಂಬುದು ಅವನ ವಾದ. ಈ ಯಂತ್ರದ ಹುಟ್ಟಿನ ಕಥೆಯೇ ಆ ವಾದವನ್ನು ಅಲ್ಲಗಳೆಯುತ್ತದೆ.

ಸಿ.ಡಿ.ಯಲ್ಲಿ ನಾದವು ಸೆಕೆಂಡಿಗೆ 44,100 ಬಾರಿ ಅಳೆದ ಅಂಕಿಗಳಾಗಿ ಅಡಗಿರುತ್ತದೆ; ಒಂದೊಂದು ಅಳತೆಗೂ 16 ಬಿಟ್ಟು. ಆ ಅಂಕಿಗಳನ್ನು ಮರಳಿ ನಾದವಾಗಿಸುವುದು ಪ್ಲೇಯರಿನೊಳಗಿನ ಪರಿವರ್ತಕ. 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿಯ ಮೊದಲ ಪ್ಲೇಯರಿನಲ್ಲಿ 16 ಬಿಟ್ಟಿನ ಪರಿವರ್ತಕವಿತ್ತು. ಆದರೆ ಬೇಡದ ಸದ್ದನ್ನು ಥಟ್ಟನೆ ಕತ್ತರಿಸುವ ಕಠಿನ ಫಿಲ್ಟರು ಅದಕ್ಕೆ ಬೇಕಾಯಿತು. ಫಿಲಿಪ್ಸ್‌ನವರು ಆಗ 14 ಬಿಟ್ಟಿನ ಪರಿವರ್ತಕವನ್ನೇ ನಾಲ್ಕು ಪಟ್ಟು ವೇಗದಲ್ಲಿ ದುಡಿಸಿ, ಸೌಮ್ಯವಾದ ಫಿಲ್ಟರಿನಿಂದಲೇ ಕಾರ್ಯ ಸಾಧಿಸಿದರು. ಅಂಕಿ ಕಿರಿದಾದರೂ ಅದರ ನಾದವನ್ನು ಮೆಚ್ಚಿದ ರಸಿಕರು ಅನೇಕರು.

ಆದುದರಿಂದ ಹಣ ತೆರುವ ಮುನ್ನ, ಮನೆಯಲ್ಲಿ ಬಹುಕಾಲ ಕೇಳಿ ಬಲ್ಲ ಪಿಟೀಲಿನ ಡಿಸ್ಕೊಂದನ್ನು ಅಂಗಡಿಗೆ ಒಯ್ಯಿರಿ. ಎರಡು ಪ್ಲೇಯರುಗಳನ್ನು ಒಂದೇ ಆಂಪ್ಲಿಫೈಯರಿಗೆ ಜೋಡಿಸಿ, ಸದ್ದಿನ ಮಟ್ಟವನ್ನು ಸಮಮಾಡಿಸಿ ಆಲಿಸಿರಿ. ತುಸು ಜೋರಾದುದೇ ಮೇಲೆಂದು ಕಿವಿ ಭ್ರಮಿಸುವುದುಂಟು. ಬಳಸಿದ ಪ್ಲೇಯರಾದರೆ ಅದರ ಲೇಸರ್ ಭಾಗಕ್ಕೆ ಬದಲಿ ದೊರೆಯುವುದೇ ಎಂದು ಮೊದಲೇ ವಿಚಾರಿಸಿರಿ. ತಾರಸ್ಥಾಯಿಯಲ್ಲಿ ಅರ್ಧ ಗಂಟೆ ಕೇಳಿದ ಮೇಲೂ ಕಿವಿ ದಣಿಯದಿದ್ದರೆ, ಅದನ್ನೇ ಮನೆಗೆ ತನ್ನಿರಿ.