ಕಡಲಿಲ್ಲದ ಸೀಮೆಯಲ್ಲಿ ನಾವಿಕರ ಪಟ್ಟೆ

ಬಿಳಿಯ ಮೇಲೆ ನೀಲಿ ಅಡ್ಡಪಟ್ಟೆಯ ಟೀ ಶರ್ಟು! ಯುಗಾದಿ ಬಟ್ಟೆಗೆಂದು ಅಂಗಡಿ ಹೊಕ್ಕ ಹುಡುಗ ಹುಡುಗಿಯರು ಕಣ್ಮುಚ್ಚಿ ಎತ್ತಿಕೊಳ್ಳುವ ಆ ಟೀ ಶರ್ಟಿನ ಜಾತಕ ತೆಗೆದರೆ ಮೈ ಜುಮ್ಮೆನ್ನುತ್ತದೆ. ಅದು ಫ್ರಾನ್ಸಿನ ನೌಕಾಪಡೆಯ ಸಮವಸ್ತ್ರ! 1858ರ ಮಾರ್ಚ್ 27ರ ಆದೇಶದಲ್ಲಿ ಪಟ್ಟೆಗಳನ್ನು ಎಣಿಸಿ, ಅಳೆದು ಬರೆದಿದ್ದಾರೆ: ಮೈಭಾಗಕ್ಕೆ 21 ಬಿಳಿ ಪಟ್ಟೆ, ನಡುನಡುವೆ 20 ಅಥವಾ 21 ನೀಲಿ, ಬಿಳಿಯದು 20 ಮಿಲಿಮೀಟರ್, ನೀಲಿಯದು ಅದರರ್ಧ. ಹಡಗಿನವರ ಆ ಅಂಗಿಯನ್ನು ಹೆಂಗಸರ ಬೀರುವಿಗೆ ತಂದವರಲ್ಲಿ ಕೊಕೊ ಶನೆಲ್ ಮುಖ್ಯರು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಕಡಲೆಲ್ಲಿ? ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರು ಹಾಯ್ದು ಬಂಗಾಳ ಕೊಲ್ಲಿ ಸೇರುವ ಉತ್ತರ ಪಿನಾಕಿನಿಯಂಥ ನದಿಗಳಷ್ಟೇ ನಮಗೂ ಕಡಲಿಗೂ ಇರುವ ನಂಟು. ಆದರೆ ಪಟ್ಟೆಗೇನು ಬರ? ಚಿಂತಾಮಣಿಯ ಟೊಮೆಟೊ ಮಾರುಕಟ್ಟೆಗೆ ಹೋಗಿ ನೋಡಿ. ಲುಂಗಿ ಎತ್ತಿಕಟ್ಟಿ ಕ್ರೇಟು ಹೊರುವ ಹಿರಿಯರ ತೊಡೆಯ ಮೇಲೆ ಪಟಾಪಟಿ ಚಡ್ಡಿ! ಫ್ಯಾಷನ್ ಪತ್ರಿಕೆಗಳು ಇದನ್ನು ಎಂದೂ ಕಣ್ಣೆತ್ತಿ ನೋಡಲಿಲ್ಲ. ನನ್ನ ಮಟ್ಟಿಗೆ ನಾವಿಕರ ಅಂಗಿಗಿಂತ ಇದರ ಅಂದ ಎಳ್ಳಷ್ಟೂ ಕಡಿಮೆಯಲ್ಲ.

ಅವರದು ಅಡ್ಡಪಟ್ಟೆ, ನಮ್ಮದು ಉದ್ದಪಟ್ಟೆ. ಯಾಕೆ ಗೊತ್ತೇ? ನಾವಿಕರ ಅಂಗಿ ಹೆಣಿಗೆಯದು. ನೂಲು ಸಾಲುಸಾಲಾಗಿ ಮೇಲೇರುತ್ತದೆ, ನಡುವೆ ಬಣ್ಣ ಬದಲಿಸಿದರೆ ಅಡ್ಡಪಟ್ಟೆ ಎದ್ದಿತು. ಚಡ್ಡಿಯ ಬಟ್ಟೆ ಮಗ್ಗದ್ದು. ಹಾಸು ಹೂಡುವಾಗಲೇ ಇಷ್ಟೆಳೆ ನೀಲಿ, ಇಷ್ಟೆಳೆ ಬಿಳಿ ಎಂದು ಜೋಡಿಸಿಬಿಟ್ಟರೆ ಮುಗಿಯಿತು. ಆಮೇಲೆ ನೇಕಾರ ಒಂದೇ ಬಣ್ಣದ ಲಾಳಿ ಓಡಿಸುತ್ತಿದ್ದರೂ ಪಟ್ಟೆ ತಾನಾಗಿಯೇ ಹರಿದು ಬರುತ್ತದೆ, ಗಜಗಟ್ಟಲೆ! ಇಷ್ಟು ಅಗ್ಗದಲ್ಲಿ ಇಷ್ಟು ಚೆಲುವು ಇನ್ನಾವ ವಿನ್ಯಾಸದಲ್ಲಿದೆ?

ಇನ್ನೂ ದೊಡ್ಡ ಬೆರಗು ಶಿಡ್ಲಘಟ್ಟದ ಕಸುಬಿನಲ್ಲೇ ಇದೆ. ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಸರಾದ ಊರು, ನೂಲು ಬಿಚ್ಚುವ ಊರು. ಆ ನೂಲು ಕೊಡುವ ಹುಳುವೇ ಪಟ್ಟೆ ತೊಡುತ್ತದೆ! ರೇಷ್ಮೆ ಹುಳುವಿನಲ್ಲಿ ಜೀಬ್ರಾ ತಳಿಯೆಂದೇ ಒಂದಿದೆ. ಹಿಪ್ಪುನೇರಳೆ ಸೊಪ್ಪಿನ ಮೇಲೆ ಹರಿದಾಡುವ ಬೆಳ್ಳನೆಯ ಮೈ, ಒಂದೊಂದು ಗಣ್ಣಿನ ಮುಂಭಾಗಕ್ಕೂ ಕಪ್ಪು ಅಡ್ಡಪಟ್ಟೆ, ಥೇಟ್ ನಾವಿಕರ ಅಂಗಿ! ಹೆಣ್ಣಿಗೆ ಮಾತ್ರ ಪಟ್ಟೆ, ಗಂಡು ಬೋಳು ಮೈ ಎನ್ನುವಂಥ ತಳಿಯನ್ನೂ ವಿಜ್ಞಾನಿಗಳು ರೂಪಿಸಿದ್ದಾರೆ. ಮಿಶ್ರತಳಿ ಮೊಟ್ಟೆ ತಯಾರಿಸಬೇಕಾದರೆ ಒಂದು ತಳಿಯ ಹೆಣ್ಣಿಗೆ ಇನ್ನೊಂದು ತಳಿಯ ಗಂಡೇ ಸೇರಬೇಕು. ಗಂಡು ಹೆಣ್ಣು ಬೇರ್ಪಡಿಸುವುದು ಪ್ರಯಾಸದ ಕೆಲಸ. ಇಲ್ಲಿ ಕಣ್ಣು ಹಾಯಿಸಿದರೆ ಸಾಕು, ಮೈಮೇಲಿನ ಪಟ್ಟೆಯೇ ಹೇಳಿಬಿಡುತ್ತದೆ.

ಈ ಯುಗಾದಿಗೆ ಪಟ್ಟೆಯದೇ ಕೊಳ್ಳಿ. ಹತ್ತಿಯದಾದರೆ ನಮ್ಮ ಬಿಸಿಲಿಗೆ ಹಿತ. ಕೊಳ್ಳುವ ಮುಂಚೆ ಬಟ್ಟೆಯ ಒಳಮಗ್ಗುಲು ತಿರುಗಿಸಿ ನೋಡಿ. ಹೊರಗಿನಷ್ಟೇ ಗಟ್ಟಿ ಬಣ್ಣ ಒಳಗೂ ಇದ್ದರೆ ಪಟ್ಟೆ ನೂಲಿನಲ್ಲೇ ಬಂದದ್ದು. ಒಳಗೆ ಮಂಕಾಗಿದ್ದರೆ ಮೇಲೆ ಅಚ್ಚೊತ್ತಿದ್ದು. ನೂಲಿನದನ್ನೇ ಆರಿಸಿಕೊಳ್ಳಿ.